ಕಿಟಕಿ ಇಟ್ಟ ಬೂಟು

ಸಿಂಧನೂರು

ವಿಯೆಟ್ನಾಮಿಗೆ ಹೋಗಿ ಬಂದವರು ಅಲ್ಲಿನ ಸಮುದ್ರದ ಬಣ್ಣ, ಮೋಡದೊಳಗಿನ ಸೇತುವೆ, ಬುಟ್ಟಿಯಂಥ ದುಂಡನೆಯ ದೋಣಿಗಳ ಬಗ್ಗೆ ಹೇಳುತ್ತಾರೆ. ಅವನ್ನೆಲ್ಲ ನಾನೂ ನೋಡಿದೆ. ಆದರೆ ಊರಲ್ಲಿ ಯಾರಾದರೂ "ಹೆಂಗಿತ್ರೀ ಟೂರು?" ಎಂದರೆ ನನ್ನ ಕಣ್ಣಮುಂದೆ ಮೊದಲು ಬರುವುದು ನಮ್ಮ ಗಿರಿಜಕ್ಕನ ಪಾದಗಳು.

ಗಿರಿಜಕ್ಕ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಮಸ್ಕಿಯಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಹೋದ ವರ್ಷ ಭಾವನವರಿಗೆ ಹೃದಯದ ಆಪರೇಷನ್ ಆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ಕೂತಿದ್ದಾಗ ಎದುರಿನ ಟಿವಿಯಲ್ಲಿ ವಿಯೆಟ್ನಾಮಿನ ಕಾಡಿನಲ್ಲಿರುವ ಹಳೆಯ ಶಿವನ ಗುಡಿಗಳನ್ನು ತೋರಿಸುತ್ತಿದ್ದರಂತೆ. ಅಷ್ಟು ದೂರದಲ್ಲೂ ಶಿವ ಇದ್ದಾನಲ್ಲ ಎಂದು ಅಕ್ಕನಿಗೆ ಏನನ್ನಿಸಿತೋ, ಅಲ್ಲೇ ಕೈ ಮುಗಿದುಬಿಟ್ಟರು. "ಇವರನ್ನ ನಡಿಸಿಕೊಂತ ಮನಿಗೆ ಕಳಸಪಾ. ನಾನೂ ನನ್ನ ಕಾಲಲ್ಲೇ ನಡಕೊಂತ ಬಂದು ನಿನ್ನ ಮುಂದ ನಿಲ್ತೀನಿ."

ಭಾವನವರು ನಡೆದುಕೊಂಡೇ ಮನೆಗೆ ಬಂದರು. ಉಳಿದದ್ದು ಅಕ್ಕನ ಹರಕೆ.

ತೊಂದರೆ ಅವರ ಹಿಮ್ಮಡಿಯದು. ಮಸ್ಕಿಯ ಬೆಟ್ಟದ ಮಲ್ಲಯ್ಯನ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರಿ ಇಳಿಯುತ್ತಿದ್ದವರು ಈಗ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಡುವಾಗ ಗೋಡೆ ಹಿಡಿಯುತ್ತಾರೆ. ಬರಿಗಾಲು ಬೇಡ, ತೆಳು ಚಪ್ಪಲಿ ಬೇಡ, ದಪ್ಪ ಮೆತ್ತನೆಯ ತಳದ ಬೂಟು ಹಾಕಿಕೊಳ್ಳಿ ಎಂದಿದ್ದರು ಡಾಕ್ಟರು.

"ಅಂಗಡಿಗೆ ಹೋಗಿ ಹಾಕಿ ನೋಡೂಣು ಬರ್ರಿ ಅಕ್ಕಾ" ಎಂದೆ.

"ಗಂಡಸರ ಮುಂದ ಕಾಲು ಚಾಚಿ ಕುಂದರ್ಲೇನು? ಒಂದು ಪೇಪರ್ ತಾ ಇಲ್ಲೆ."

ಮದುವೆಯಾದಂದಿನಿಂದ ಅಕ್ಕನ ಚಪ್ಪಲಿ ಬಂದದ್ದು ಹೀಗೆಯೇ. ನೆಲಕ್ಕೆ ಪೇಪರು ಹಾಸಿ, ಅದರ ಮೇಲೆ ಪಾದ ಊರಿ, ಸುತ್ತಲೂ ಪೆನ್ನಿನಿಂದ ಗೆರೆ ಎಳೆಯುವುದು. ಆ ಪೇಪರನ್ನು ಮನೆಯ ಗಂಡಸರು ಮಡಚಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುವುದು. ಈ ಸಲ ನನ್ನ ಗಂಡ ಒಯ್ದರು. ಬೂದು ಬಣ್ಣದ, ಗುಲಾಬಿ ಲೇಸಿನ ಬೂಟು ತಂದರು. ಅಕ್ಕ ಸೋಫಾದಲ್ಲಿ ಕೂತೇ ಹಾಕಿ ನೋಡಿ, "ಅಳತಿ ಬರೋಬ್ಬರಿ ಐತಿ" ಎಂದು ಬಿಚ್ಚಿ ಬ್ಯಾಗಿನಲ್ಲಿಟ್ಟರು.

ಟೂರಿನ ಗುಂಪಿನಲ್ಲಿ ನಮ್ಮ ಜೊತೆಗೆ ಮೂರನೆಯವಳು ಲಿಂಗಸುಗೂರಿನ ಶಮೀಮ್. ಹಟ್ಟಿಯಲ್ಲಿ ನಮ್ಮಿಬ್ಬರ ಅಪ್ಪಂದಿರೂ ಚಿನ್ನದ ಗಣಿಯಲ್ಲಿದ್ದಾಗ ಒಂದೇ ಕಾನ್ವೆಂಟಿನ ಒಂದೇ ಬೆಂಚಿನಲ್ಲಿ ಕೂತವರು. ಈಗ ಅವಳು ಲೇಡೀಸ್ ಟೇಲರ್. ಪ್ರವಾಸಕ್ಕೆಂದು ನನಗೆ ಮೂರು ಉದ್ದನೆಯ ಕುರ್ತಾ ಹೊಲಿದಳು, ಎರಡೂ ಪಕ್ಕಕ್ಕೆ ಆಳವಾದ ಜೇಬಿಟ್ಟು. ಐವತ್ತರ ಹತ್ತಿರ ಬಂದ ಮೇಲೆ ನನಗೆ ಮೊದಲ ಸಲ ಜೇಬು ಸಿಕ್ಕಿತು. ವಿಮಾನ ನಿಲ್ದಾಣದ ತನಕ ಸುಮ್ಮನೆ ಕೈ ಒಳಗಿಟ್ಟು ತೆಗೆದು, ಇಟ್ಟು ತೆಗೆದು ಮಾಡಿದೆ.

ಸೀರೆ ಬಿಡಲಾರೆ ಎಂದ ಅಕ್ಕನಿಗೆ ಶಮೀಮ್ ಬೇರೆ ಉಪಾಯ ಮಾಡಿದ್ದಳು. ಒಳಲಂಗದ ಬದಲು ಸಡಿಲವಾದ ಹತ್ತಿಯ ಪೈಜಾಮ, ಸೊಂಟದಲ್ಲಿ ಸೀರೆ ಸಿಕ್ಕಿಸಲು ಗಟ್ಟಿ ಲಾಡಿ, ಪಾಸ್‌ಪೋರ್ಟಿಗೆ ಚೈನಿನ ಜೇಬು. ಮೇಲಿನಿಂದ ನೋಡಿದರೆ ಸೀರೆ, ನಡೆದರೆ ಪೈಜಾಮದ ಸುಖ.

"ಯಾರಿಗೂ ಹೇಳಬ್ಯಾಡ್ರಿ ಮತ್ತ" ಎಂದು ಅಕ್ಕ ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡರು. ಈಗ ಬರೆಯುತ್ತಿರುವುದು ಅವರ ಒಪ್ಪಿಗೆ ಪಡೆದೇ.

ದನಾಂಗ್

ವಿಯೆಟ್ನಾಮಿನಲ್ಲಿ ನಾವು ಮೊದಲು ಇಳಿದ ಈ ಊರಿನ ಹೆಂಗಸರನ್ನು ನೋಡುತ್ತ ಕೂತರೆ ಒಂದು ದಿನ ಸಾಲದು. ಸ್ಕೂಟರಿನ ಮೇಲೆ ಹೋಗುವವರು ಬಿಸಿಲಿಗೆ ಹೂವಿನ ಚಿತ್ತಾರದ ಉದ್ದ ಕೋಟು, ಕೈಗವಸು, ಮುಖಕ್ಕೆ ಮಾಸ್ಕು, ಮೇಲೆ ಟೋಪಿ ಹಾಕಿರುತ್ತಾರೆ. ಕಾಣುವುದು ಎರಡು ಕಣ್ಣು ಮಾತ್ರ.

"ಅರೆ, ಇವರು ನನ್ನ ಬುರ್ಖಾಕ್ಕಿಂತ ಜಾಸ್ತಿ ಮುಚ್ಚಿಕೊಂಡಾರಲ್ಲ!" ಎಂದಳು ಶಮೀಮ್.

ಕಾಯಿಪಲ್ಲೆ ಮಾರುಕಟ್ಟೆಯಲ್ಲಿ ನಮ್ಮ ವಯಸ್ಸಿನವರೆಲ್ಲ ಒಂದೇ ಬಟ್ಟೆಯ ಅಂಗಿ, ಪೈಜಾಮ ಹಾಕಿದ್ದರು, ಅದೂ ದೊಡ್ಡ ದೊಡ್ಡ ಹೂವಿನದು. ನಾವು ನೈಟಿಯ ಮೇಲೆ ಟವೆಲ್ ಹೊದ್ದು ತಳ್ಳುಗಾಡಿಯವನ ಹತ್ತಿರ ಬದನೆಕಾಯಿ ಆರಿಸುತ್ತೇವಲ್ಲ, ಇದೂ ಹಾಗೆಯೇ ಮನೆಯ ಬಟ್ಟೆ. ಆದರೆ ಇವರಿಗೆ ಟವೆಲಿನ ಮುಜುಗರವಿಲ್ಲ. ಅದೇ ಬಟ್ಟೆಯಲ್ಲಿ ಬ್ಯಾಂಕಿಗೂ ಹೋಗುತ್ತಾರೆ ಎಂದಳು ನಮ್ಮ ಗೈಡ್ ಲಾನ್. ಇಪ್ಪತ್ತೈದರ ಹುಡುಗಿ, ಇಂಗ್ಲಿಷನ್ನು ನುಂಗಿ ನುಂಗಿ ಮಾತಾಡುತ್ತಾಳೆ. ನಾನು ಕಾನ್ವೆಂಟಿನ ನಿಧಾನದ ಇಂಗ್ಲಿಷಿನಲ್ಲಿ ಕೇಳಿ, ಉಳಿದವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ.

ಮೊದಲ ದಿನ ಅಕ್ಕ ಬೂಟು ಹಾಕಿ ನಡೆದು, "ಗಾದಿ ಮ್ಯಾಲ ನಡದಂಗ ಆಗಾಕತ್ತೈತಿ ಬೇ" ಎಂದು ಖುಷಿಪಟ್ಟರು. ಎರಡನೆಯ ದಿನ ಅಮೃತಶಿಲೆಯ ಗುಡ್ಡ ಹತ್ತಲು ಹೋದೆವು. ಕಾಲು ಭಾಗ ಹತ್ತುವಷ್ಟರಲ್ಲಿ ಅಕ್ಕ ಹಿಂದೆ ಉಳಿದರು. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಕೂತು ಲೇಸು ಬಿಚ್ಚುತ್ತಿದ್ದಾರೆ, ಮುಖ ಬೆವರಿ ಬಿಳುಪೇರಿದೆ. ಕಾಲುಚೀಲ ತೆಗೆದರೆ ಎರಡನೆಯ ಬೆರಳು ಕೆಂಪಗೆ ಊದಿ, ಕಾಲುಂಗುರ ಮಾಂಸದೊಳಗೆ ಹುಗಿದುಹೋಗಿತ್ತು. ಅಕ್ಕನದು ಹಳೆಯ ಕಾಲದ ಎರಡು ಸುತ್ತಿನ ದಪ್ಪ ಬೆಳ್ಳಿಯ ಉಂಗುರ. ನಮ್ಮ ಪೇಪರಿಗೆ ಪಾದದ ಉದ್ದ ಗೊತ್ತಿತ್ತು, ಅಗಲ ಗೊತ್ತಿತ್ತು; ಉಂಗುರದ ಎತ್ತರ ಯಾವ ಪೆನ್ನಿಗೆ ಸಿಗಬೇಕು?

ಚಪ್ಪಲಿ ಹಾಕಿದರೆ ಹಿಮ್ಮಡಿ ನೋವು, ಬೂಟು ಹಾಕಿದರೆ ಬೆರಳು ನೋವು. ಶಿವನ ಗುಡಿಗಳಿರುವ ಮಿ ಸಾನ್‌ಗೆ ಇನ್ನೆರಡೇ ದಿನ.

"ಅಲ್ಲಿ ವೀಲ್‌ಚೇರ್ ವ್ಯವಸ್ಥೆ ಮಾಡಬಹುದು" ಎಂದಳು ಲಾನ್. ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ.

"ಕುರ್ಚಿ ಮ್ಯಾಲ ಕುಂತು ಹೋದ್ರ ಕುರ್ಚಿ ಬಂದಂಗಾತು. ನಾ ಬಂದಂಗ ಹೆಂಗಾತು?" ಎಂದರು ಅಕ್ಕ.

ಶಮೀಮ್ ಪಕ್ಕದಲ್ಲಿ ಕೂತು ಮೆಲ್ಲಗೆ, "ಅಕ್ಕಾರ, ಎಣ್ಣಿ ಹಚ್ಚಿ ನಾ ಬಿಡಿಸಿ ಕೊಡ್ತೀನಿ. ನಾಕು ದಿನ ಬ್ಯಾಗಿನಾಗ ಇರಲಿ. ಊರಿಗೆ ಹೋದಮ್ಯಾಲ ಮತ್ತ ಹಾಕ್ಕೊಳ್ರಿ" ಎಂದಳು.

ಅಕ್ಕ ಬೆರಳನ್ನು ತಿಕ್ಕುತ್ತಲೇ ಇದ್ದರು. "ಅವರು ಅಲ್ಲೆ ಎದಿಗೆ ಗುಳಿಗಿ ನುಂಗಾಕತ್ತಾರ. ನಾ ಇಲ್ಲೆ ಕಾಲುಂಗುರ ತಗೀಲೇನು ಶಮೀಮಾ?"

ಶಮೀಮ್ ಅಕ್ಕನ ಬೂಟನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಮೂವರೂ ಮೆಲ್ಲಗೆ ಇಳಿದು ಗುಡ್ಡದ ಬುಡದಲ್ಲೇ ಕೂತು ಎಳನೀರು ಕುಡಿದೆವು. ಗುಂಪಿನ ಉಳಿದವರು ಮೇಲಿಂದ ಇಳಿದು ಬಂದು ಗುಹೆಯೊಳಗಿನ ಬುದ್ಧನ ಫೋಟೋ ತೋರಿಸಿದರು. ಅಕ್ಕ ಎಲ್ಲರ ಫೋನಿಗೂ ಕೈ ಮುಗಿದರು.

ಹೊಯ್ ಆನ್

ಹಳದಿ ಗೋಡೆಗಳ ಊರು. ಬೀದಿಯ ತುಂಬ ಬಣ್ಣದ ಆಕಾಶಬುಟ್ಟಿಗಳು ತೂಗುತ್ತವೆ. ಅವುಗಳ ಕೆಳಗೆ ಸಾಲು ಸಾಲು ದರ್ಜಿ ಅಂಗಡಿಗಳು. ಬೆಳಿಗ್ಗೆ ಅಳತೆ ಕೊಟ್ಟರೆ ಮರುದಿನ ಬಟ್ಟೆ ಸಿದ್ಧ. ಶಮೀಮ್‌ಗೆ ಇದು ಮಿಠಾಯಿ ಅಂಗಡಿ. ಬೊಂಬೆಗಳಿಗೆ ಉಡಿಸಿದ ಅಂಗಿಗಳ ಅಂಚು ತಿರುಗಿಸಿ ಒಳಹೊಲಿಗೆ ನೋಡುವವಳು, ಮುಂದಿನ ಅಂಗಡಿಗೆ ಓಡುವವಳು. ಇಲ್ಲಿನವರ ಹಬ್ಬದ ಉಡುಪು ನಮ್ಮ ಚೂಡಿದಾರದ ದೂರದ ತಂಗಿಯಂತಿದೆ: ಸೊಂಟದವರೆಗೆ ಮೈಗೆ ಹತ್ತಿ, ಅಲ್ಲಿಂದ ಎರಡು ಪಾಲಾಗಿ ಹಾರುವ ಅಂಗಿ, ಒಳಗೆ ಸಡಿಲ ಪೈಜಾಮ. ಅರವತ್ತರ ಅಜ್ಜಿಯೊಬ್ಬಳು ಅದನ್ನು ತೊಟ್ಟು ಸೈಕಲ್ ತುಳಿಯುತ್ತ ಹೋದಳು, ಹಿಂದಿನ ಪಾಲನ್ನು ಸೀಟಿನ ಕೆಳಗೆ ಸಿಕ್ಕಿಸಿಕೊಂಡು.

"ಕಟಿಂಗ್ ನೋಡ್ರಿ ಅಕ್ಕಾ, ಹೊಟ್ಟಿ ಇದ್ದರೂ ಕಾಣಂಗಿಲ್ಲ!" ಶಮೀಮ್‌ಳ ಕಣ್ಣುಗಳು ಹೊಳೆದವು.

"ಹಂಗಿದ್ರ ಮೊದಲು ನಿನಗ ಹೊಲಕೋ" ಎಂದರು ಅಕ್ಕ.

ಲಾನ್ ನಮ್ಮನ್ನು ಒಂದು ಚಪ್ಪಲಿ ಅಂಗಡಿಗೆ ಕರೆದೊಯ್ದಳು. ಒಡತಿ ತುಯಿ ನಮ್ಮ ವಯಸ್ಸಿನವಳೇ. ಗಿಡ್ಡ ಕೂದಲು, ಮೊಣಕಾಲ ಕೆಳಗೆ ನಿಲ್ಲುವ ಅಗಲ ಪ್ಯಾಂಟು, ಕಾಲಿಗೆ ಎಲೆಯಷ್ಟು ಮೆತ್ತಗಿನ ಕಪ್ಪು ಬೂಟು. ಬಾಯಿ ಜೋರು. ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಪಾದವನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಅಕ್ಕ ಗಾಬರಿಯಾಗಿ ಎಳೆದುಕೊಂಡರು. ಅವಳು ಮತ್ತೆ ಎಳೆದಳು. ಉಂಗುರ ಮುಟ್ಟಿ ಏನೋ ಕೇಳಿದಳು.

"ಇದು ಯಾವುದಾದರೂ ನೋವಿಗೆ ಹಾಕಿದ್ದೇ ಎಂದು ಕೇಳುತ್ತಿದ್ದಾಳೆ" ಎಂದಳು ಲಾನ್.

ಮದುವೆಯದು, ತೆಗೆಯುವುದಿಲ್ಲ ಎಂದು ವಿವರಿಸಿದೆ. ಲಾನ್ ಹೇಳಿ ಮುಗಿಸುವ ಮೊದಲೇ ತುಯಿ ನಗುತ್ತ ತನ್ನ ಎಡಗೈ ಮುಂದೆ ಮಾಡಿದಳು. ಮಣಿಕಟ್ಟಿನಲ್ಲಿ ಒಂದೇ ಒಂದು ಹಸಿರು ಕಲ್ಲಿನ ಬಳೆ. ಹುಡುಗಿಯಾಗಿದ್ದಾಗ ತಾಯಿ ಸಾಬೂನು ಹಚ್ಚಿ ಏರಿಸಿದ್ದಂತೆ. ಕೈ ಬೆಳೆಯಿತು, ಬಳೆ ಉಳಿಯಿತು. ಈಗ ಒಡೆದರಷ್ಟೇ ಹೊರಬರುವುದು. ಅಕ್ಕ ಆ ಬಳೆಯನ್ನು ಒಂದು ಸುತ್ತು ತಿರುಗಿಸಿ ನೋಡಿದರು. ಆಮೇಲೆ ತಾವಾಗಿಯೇ ಪಾದವನ್ನು ಅವಳ ತೊಡೆಯ ಮೇಲಿಟ್ಟರು.

ಆಗ ತುಯಿ ಕಂದು ಬಣ್ಣದ ಕಾಗದವೊಂದನ್ನು ನೆಲಕ್ಕೆ ಹಾಸಿ, ಪಾದ ಊರಿಸಿ, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದಳು!

"ಅಯ್ಯ ಶಿವನ, ಇಲ್ಲೂ ಪೇಪರ್!" ಎಂದರು ಅಕ್ಕ. ನಾವು ಮೂವರೂ ನಗತೊಡಗಿದೆವು. ಕಾರಣ ತಿಳಿಯದೆ ತುಯಿಯೂ ನಕ್ಕಳು. ಪುಣ್ಯಕ್ಕೆ ಅವಳು ಅಷ್ಟಕ್ಕೇ ನಿಲ್ಲಿಸದೆ ಟೇಪು ತೆಗೆದು ಬೆರಳ ಮೇಲೆ, ಪಾದದ ಏರಿನ ಮೇಲೆ, ಹಿಮ್ಮಡಿಯ ಸುತ್ತ ಅಳೆದಳು.

ಹೊಯ್ ಆನ್, ಮರುದಿನ

ಸಂಜೆ ಹೋದಾಗ ಬೂಟು ಕಾದಿತ್ತು. ಹುಣಸೆಹಣ್ಣಿನ ಬಣ್ಣದ ಮೆದು ಚರ್ಮ, ದುಂಡನೆಯ ಮೂತಿ, ಒಳಗೆ ಹಿಮ್ಮಡಿಗೆ ದಪ್ಪ ಮೆತ್ತೆ, ಪಕ್ಕಕ್ಕೆ ಒಂದು ಪುಟ್ಟ ಬಕ್ಕಲು. ಸೀರೆಯ ಕೆಳಗೆ ಇಷ್ಟು ಚಂದ ಕಾಣುವ ಬೂಟು ನಾನು ನೋಡಿರಲಿಲ್ಲ. ಅಕ್ಕ ಹಾಕಿಕೊಂಡು ಅಂಗಡಿಯ ಉದ್ದಕ್ಕೆ ನಡೆದರು, ತಿರುಗಿ ಬಂದರು.

"ಹಿಮ್ಮಡಿ ಆರಾಮ ಐತಿ" ಎಂದರು. ಆದರೆ ಕೂತುಬಿಟ್ಟರು.

ಬೆರಳಿನ ಊತ ಪೂರ್ತಿ ಇಳಿದಿರಲಿಲ್ಲ. ಮೆದು ಚರ್ಮವೇ ಆದರೂ ಉಂಗುರದ ಮೇಲೆ ಕೂರುತ್ತಿತ್ತು. ತುಯಿ ಮುಖ ಸಣ್ಣದು ಮಾಡಿ ಒಳಗಿನಿಂದ ಬೇರೊಂದು ಜೋಡಿ ತಂದಳು, ಮುಂದೆ ಕಪ್ಪೆಯಂತೆ ಉಬ್ಬಿದ್ದು.

"ಇದನ್ನ ಹಾಕ್ಕೊಂಡು ಗದ್ದಿ ಕೆಸರಿಗೆ ಇಳೀಬೇಕಷ್ಟ" ಎಂದರು ಅಕ್ಕ.

ಪಟ್ಟಿಯ ಚಪ್ಪಲಿ ತಂದಳು. ಪಟ್ಟಿ ಸರಿಯಾಗಿ ಉಂಗುರದ ಮೇಲೆಯೇ ಬಂತು. ಬೇರೆ ಬೂಟು ಹೊಲಿಯಲು ಸಮಯವಿಲ್ಲ. ಬೆಳಿಗ್ಗೆ ನಮ್ಮ ಬಸ್ಸು ಮಿ ಸಾನ್‌ಗೆ ಹೊರಡುತ್ತದೆ. ಅಕ್ಕ ಸೆರಗಿನ ತುದಿಯನ್ನು ಸುತ್ತುತ್ತ, ಬಿಡುತ್ತ ಕೂತರು.

ಶಮೀಮ್ ಬೂಟನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನನ್ನ ಕಡೆ ನೋಡಿದಳು. "ಸುನಂದಾ, ಲಗ್ನದ ಸೀಜನ್‌ನಾಗ ನಾ ದಿನಕ್ಕ ಎಷ್ಟು ಬ್ಲೌಸಿಗೆ ಬೆನ್ನಿನಾಗ ಕಿಟಕಿ ಇಡ್ತೀನಿ ಗೊತ್ತೇನು? ಬೆನ್ನಿಗೆ ಇಟ್ರ ಫ್ಯಾಶನ್. ಬೆರಳಿಗೆ ಯಾಕ ಇಡಬಾರದು?"

ತುಯಿಯ ಮೇಜಿನಿಂದ ಸೀಮೆಸುಣ್ಣ ತೆಗೆದುಕೊಂಡು, ಅಕ್ಕನ ಕಾಲಿಗೆ ಬೂಟು ತೊಡಿಸಿ, ಉಂಗುರ ಒತ್ತುವ ಜಾಗದಲ್ಲಿ ಬೆರಳಿಟ್ಟು ನೋಡಿ, ಅಲ್ಲೊಂದು ಎಲೆಯ ಆಕಾರ ಬರೆದಳು. ತುಯಿ ನೋಡಿದಳು. ಹೊಸ ಬೂಟಿಗೆ ಕತ್ತರಿ ಹಾಕುವುದೆಂದರೆ ಅವಳ ಜೀವಕ್ಕೂ ಕಷ್ಟ, ತಲೆ ಅಲ್ಲಾಡಿಸಿದಳು. ಶಮೀಮ್ ಫೋನಿನಲ್ಲಿ ತಾನು ಹೊಲಿದ ಬ್ಲೌಸುಗಳ ಬೆನ್ನುಗಳನ್ನು ಒಂದೊಂದಾಗಿ ತೋರಿಸಿದಳು: ಎಲೆ, ಹನಿ, ವೀಳ್ಯದೆಲೆ, ದೀಪ. ತುಯಿ ಒಂದನ್ನು ಹಿಗ್ಗಿಸಿ ಅಂಚಿನ ಪೈಪಿಂಗ್ ನೋಡಿದಳು. ಮತ್ತೊಂದು ನೋಡಿದಳು. ಆಮೇಲೆ ಇಬ್ಬರೂ, ಒಬ್ಬಳು ಲಿಂಗಸುಗೂರಿನ ಕನ್ನಡದಲ್ಲಿ, ಇನ್ನೊಬ್ಬಳು ತನ್ನ ಭಾಷೆಯಲ್ಲಿ, ವಾದ ಶುರು ಮಾಡಿದರು.

"ನಕ್ಕೊ ನಕ್ಕೊ, ಇಷ್ಟು ದೊಡ್ಡದು ಬ್ಯಾಡ! ಚರ್ಮ ಬಾಯಿ ಬಿಡ್ತೈತಿ" ಎಂದಳು ಶಮೀಮ್.

ತುಯಿ ಸುಣ್ಣದ ಗೆರೆ ಒರೆಸಿ ಇನ್ನೂ ಚಿಕ್ಕದಾಗಿ ಬರೆದಳು. ಶಮೀಮ್ ಅದನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದಳು. ಕೊನೆಗೆ ತುಯಿ ಚೂಪು ಚಾಕು ತೆಗೆದುಕೊಂಡು ಉಸಿರು ಬಿಗಿಹಿಡಿದು ಕತ್ತರಿಸಿದಳು. ನಾನು ಆ ಕಡೆ ನೋಡಲಿಲ್ಲ. ಹಸಿರು ಚರ್ಮದ ತುಂಡಿನಿಂದ ಸಣ್ಣ ಅಂಚು ಕಟ್ಟಿ ಹೊಲಿದಳು. ಇನ್ನೊಂದು ಬೂಟಿಗೂ ಹಾಗೆಯೇ ಮಾಡಿದಳು.

ಅಕ್ಕ ಮತ್ತೆ ಹಾಕಿಕೊಂಡರು. ಹಸಿರು ಅಂಚಿನ ಪುಟ್ಟ ಕಿಟಕಿಯಲ್ಲಿ ಬೆಳ್ಳಿಯ ಉಂಗುರ ಹೊರಗೆ ಇಣುಕಿತು. ಅಂಗಡಿಯ ಉದ್ದಕ್ಕೆ ನಡೆದರು. ಹೊಸ್ತಿಲು ದಾಟಿ ಬೀದಿಗಿಳಿದರು. ಆಕಾಶಬುಟ್ಟಿಗಳ ಕೆಳಗೆ ತಿರುವಿನ ತನಕ ಹೋಗಿ, ಅಲ್ಲಿಂದ ನಮ್ಮ ಕಡೆ ತಿರುಗಿ ಜೋರಾಗಿ ಕೂಗಿದರು.

"ಗಾಳಿನೂ ಬರ್ತೈತಿ ಬೇ!"

ಅಕ್ಕನ ಪಾದ ಬರೆದ ಕಂದು ಕಾಗದವನ್ನು ತುಯಿ ಕೊಡಲಿಲ್ಲ. ಅದರ ಮೇಲೆ ಎರಡು ಎಲೆ ಬರೆದು ಗೋಡೆಗೆ ಅಂಟಿಸಿಕೊಂಡಳು.

ಮಿ ಸಾನ್

ದಾರಿಯುದ್ದಕ್ಕೂ ಭತ್ತದ ಗದ್ದೆ. ಕಿಟಕಿಯಿಂದ ನೋಡಿದರೆ ನಮ್ಮೂರ ಹತ್ತಿರದ ದಢೇಸುಗೂರಿನ ಕಾಲುವೆ ದಂಡೆಯಲ್ಲೇ ಹೋಗುತ್ತಿದ್ದೇವೆ ಅನ್ನಿಸುತ್ತಿತ್ತು, ಎಮ್ಮೆಯ ಮೈಬಣ್ಣ ಮಾತ್ರ ತುಸು ಬೇರೆ. ಕಳೆ ಕೀಳುವ ಹೆಂಗಸರು ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ತುಂಬುತೋಳಿನ ಅಂಗಿ ಹಾಕಿದ್ದರು. ನಮ್ಮಲ್ಲಿ ನಾಟಿ ಹಚ್ಚುವವರು ಸೀರೆಯ ಮೇಲೆ ಗಂಡನ ಹಳೆಯ ಶರ್ಟು ಹಾಕುವುದನ್ನು ದಿನಾ ನೋಡುತ್ತೇನೆ. ಅದು ಎಷ್ಟು ಅನುಕೂಲದ ಉಡುಪು ಎಂದು ನನಗೆ ಹೊಳೆದದ್ದು ಇಷ್ಟು ದೂರ ಬಂದ ಮೇಲೆ.

ಬಾಗಿಲ ಹತ್ತಿರದಿಂದ ಗುಡಿಗಳ ಸಮೀಪದವರೆಗೆ ಬ್ಯಾಟರಿ ಗಾಡಿಗಳು ಓಡಾಡುತ್ತವೆ. ಎಲ್ಲರೂ ಹತ್ತಿದರು. ಅಕ್ಕ ಹತ್ತಲಿಲ್ಲ.

"ನೀವು ಹೋಗ್ರಿ. ನಾ ಬರ್ತೀನಿ."

ಲಾನ್ ಗಡಿಯಾರ ನೋಡಿಕೊಂಡು ಉಳಿದವರ ಜೊತೆ ಹೋದಳು. ನಾವು ಮೂವರು ನಡೆದೆವು. ಎರಡೂ ಕಡೆ ಕಾಡು, ಸಣ್ಣಗೆ ಜಿನುಗುವ ಮಳೆ. ಅಕ್ಕ ಸೀರೆಯನ್ನು ಎಂದಿಗಿಂತ ಒಂದು ಗೇಣು ಮೇಲಕ್ಕೆ ಉಟ್ಟಿದ್ದರು. ಕೆಸರಿಗೆ ಎಂದು ಹೇಳಿದರು. ಬೂಟು ಕಾಣಲಿ ಎಂದೂ ಇರಬಹುದು. ಏರು ಬಂದಲ್ಲಿ ನನ್ನ ತೋಳು ಹಿಡಿದರು. ಒಂದೆರಡು ಸಲ ಕಲ್ಲಿನ ಮೇಲೆ ಕೂತು ಹಿಮ್ಮಡಿ ಒತ್ತಿಕೊಂಡರು. ಗಾಡಿಯೊಂದು ಪಕ್ಕಕ್ಕೆ ನಿಂತು ಚಾಲಕ ಕೈಸನ್ನೆ ಮಾಡಿ ಕರೆದಾಗ, ಅಕ್ಕ ಅದಕ್ಕಿಂತ ದೊಡ್ಡ ಕೈಸನ್ನೆ ಮಾಡಿ ಅವನನ್ನು ಮುಂದಕ್ಕೆ ಕಳಿಸಿದರು.

"ಬರಿಗಾಲಲ್ಲಿ ಅಂತ ಬೇಡಿಕೊಂಡಿಲ್ಲಲ್ಲ ಅಕ್ಕಾ?" ಶಮೀಮ್ ಕೇಳಿದಳು.

"ನನ್ನ ಕಾಲಲ್ಲಿ ಅಂದೀನಿ. ಕಾಲಿನ ಮ್ಯಾಲ ಏನಿರಬೇಕು ಅನ್ನೂದು ಅವ ಕೇಳಿಲ್ಲ, ನಾ ಹೇಳಿಲ್ಲ."

ಮರಗಳು ಸರಿದವು. ಸುತ್ತಲೂ ಗುಡ್ಡ, ನಡುವೆ ಕೆಂಪು ಇಟ್ಟಿಗೆಯ ಗುಡಿಗಳು. ಕೆಲವಕ್ಕೆ ತಲೆಯಿಲ್ಲ, ಕೆಲವು ಬರೀ ಗೋಡೆ. ಯುದ್ಧದ ಕಾಲದಲ್ಲಿ ಬಾಂಬು ಬಿದ್ದ ಕುಳಿಗಳಲ್ಲಿ ಹುಲ್ಲು ಬೆಳೆದಿದೆ. ಒಂದು ಕಟ್ಟೆಯ ಮೇಲೆ, ತೆರೆದ ಆಕಾಶದ ಕೆಳಗೆ, ಕಲ್ಲಿನ ಲಿಂಗ. ಪೂಜೆಯಿಲ್ಲ, ಗಂಟೆಯಿಲ್ಲ. ಮಳೆಹನಿ ಮಾತ್ರ ತಲೆಯಿಂದ ಇಳಿಯುತ್ತಿತ್ತು.

ಅಕ್ಕ ಬಗ್ಗಿ ಬಕ್ಕಲು ಬಿಚ್ಚಿದರು.

"ಇಲ್ಲಿ ಬೂಟು ತೆಗೆಯುವ ನಿಯಮವಿಲ್ಲ" ಎಂದಳು, ಅಷ್ಟರಲ್ಲಿ ಬಂದು ಸೇರಿದ ಲಾನ್.

ನಾನು ಹೇಳುವ ಮೊದಲೇ ಅಕ್ಕ ಎರಡೂ ಬೂಟುಗಳನ್ನು ಜೋಡಿಸಿಟ್ಟು, ತಣ್ಣನೆಯ ಇಟ್ಟಿಗೆಯ ಮೇಲೆ ಬರಿಗಾಲಿಟ್ಟಿದ್ದರು. ನಾನೂ ಬಿಚ್ಚಿದೆ. ನಮ್ಮ ಗುಂಪಿನ ಹೆಂಗಸರು ಒಬ್ಬೊಬ್ಬರಾಗಿ ಬಿಚ್ಚಿ ಸಾಲಿನಲ್ಲಿಟ್ಟರು. ಶಮೀಮ್ ತಲೆಯ ಮೇಲೆ ಓಢಣಿ ಎಳೆದುಕೊಂಡು ಅಕ್ಕನ ಬೂಟಿಗೆ ಮಳೆ ಬೀಳದಂತೆ ಕೊಡೆ ಹಿಡಿದು ನಿಂತಳು.

ಅಕ್ಕ ಏನು ಹೇಳಿಕೊಂಡರೋ, ತುಟಿ ಅಲ್ಲಾಡುವುದು ಮಾತ್ರ ಕಂಡಿತು. ತುಂಬ ಹೊತ್ತೇನೂ ಇಲ್ಲ. ಲಿಂಗವನ್ನು ಮುಟ್ಟುವಂತಿರಲಿಲ್ಲ, ಕಟ್ಟೆಯ ಅಂಚಿನ ಇಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ತಿರುಗಿ ನೋಡಿದರೆ ನಮ್ಮ ಹಿಂದೆ ದೊಡ್ಡದೇ ಕೆಲಸವಾಗಿತ್ತು. ನಮ್ಮ ಚಪ್ಪಲಿಗಳ ಸಾಲು ನೋಡಿ, ಇದೇ ಇಲ್ಲಿನ ಪದ್ಧತಿ ಎಂದುಕೊಂಡ ಬಿಳಿಯ ದಂಪತಿ ಒಂಟಿಗಾಲಲ್ಲಿ ಕುಪ್ಪಳಿಸುತ್ತ ತಮ್ಮ ಗುಡ್ಡ ಹತ್ತುವ ಬೂಟುಗಳ ಲೇಸು ಬಿಚ್ಚುತ್ತಿದ್ದರು. ಅವರನ್ನು ನೋಡಿ ಅವರ ಹಿಂದಿನವರು. ಕಾವಲಿನವನು ಗಾಬರಿಯಿಂದ ಬಂದು ಬರಿಗಾಲಿನ ಜನರನ್ನು ನೋಡಿದ. ಆಮೇಲೆ ತನ್ನದೇ ಸೂಚನಾಫಲಕದ ಹತ್ತಿರ ಹೋಗಿ, ಹೊಸದೇನಾದರೂ ಬರೆದಿದ್ದಾರೋ ಎಂದು ಮೇಲಿಂದ ಕೆಳಗೆ ಓದಿದ.

ಬೂಟು ಹಾಕಿಕೊಂಡ ಮೇಲೆ ಅಕ್ಕ ಭಾವನವರಿಗೆ ವಿಡಿಯೋ ಕಾಲ್ ಮಾಡಿಸಿದರು. ಅವರು ಆಗಷ್ಟೇ ಅಂಗಡಿಯ ಶಟರ್ ಎತ್ತಿದ್ದರು. ಹಿಂದೆ ಗೊಬ್ಬರದ ಚೀಲಗಳು ಕಾಣುತ್ತಿದ್ದವು.

"ಬಂದು ನಿಂತೀನ್ರೀ" ಎಂದರು ಅಕ್ಕ. ನಾನು ಫೋನನ್ನು ಲಿಂಗದ ಕಡೆ ಹಿಡಿದೆ. ಭಾವನವರು ಟೋಪಿ ತೆಗೆದು ಕೈ ಮುಗಿದರು.

"ನಡಕೊಂತ ಹ್ವಾದ್ಯಾ?"

"ಹ್ಞೂಂ ರೀ."

"ಕಾಲು ಹೆಂಗದಾವ? ತೋರಿಸು."

ಅಕ್ಕ ಫೋನನ್ನು ಕೆಳಗೆ ಹಿಡಿದರು. ಭಾವನವರು ಕಣ್ಣು ಕಿರಿದು ಮಾಡಿ ನೋಡಿ, "ಹೊಸಾ ಬೂಟು ಆಗಲೇ ಹರದೈತಲ್ಲೇ!" ಎಂದರು.

"ಹರದಿಲ್ರೀ, ಫ್ಯಾಶನ್ ಅದು!" ಎಂದು ಅಕ್ಕ ಬೈದ ದನಿಗೆ ಬಿಳಿಯ ದಂಪತಿಯೂ ತಿರುಗಿ ನೋಡಿದರು. ಶಮೀಮ್ ಕೊಡೆಯ ಮರೆಯಲ್ಲಿ ನಗುತ್ತಿದ್ದಳು. ಅಕ್ಕ ಕಣ್ಣೊರೆಸಿಕೊಂಡರು, ನಗೆಗೋ ಮತ್ತೊಂದಕ್ಕೋ ನಾನು ಕೇಳಲಿಲ್ಲ.

ಹೊರಡುವ ಹೊತ್ತಾಯಿತು. ಬಂದ ದಾರಿಯನ್ನೇ ಅಷ್ಟೂ ಮತ್ತೆ ನಡೆಯಬೇಕಲ್ಲ ಎಂದು ನಾನು ನೀರಿನ ಬಾಟಲಿ ತೆಗೆದಿಟ್ಟುಕೊಳ್ಳುತ್ತಿದ್ದೆ. ಬ್ಯಾಟರಿ ಗಾಡಿ ಬಂದು ನಿಂತಿತು. ಎಲ್ಲರಿಗಿಂತ ಮೊದಲು ಅಕ್ಕ ಮುಂದಿನ ಸೀಟಿಗೆ, ಚಾಲಕನ ಪಕ್ಕಕ್ಕೆ ಹತ್ತಿ, ಸೆರಗು ಸರಿ ಮಾಡಿಕೊಂಡು ಕೂತುಬಿಟ್ಟರು. ನಾನೂ ಶಮೀಮ್‌ಳೂ ಮುಖ ಮುಖ ನೋಡಿಕೊಂಡೆವು.

"ಏನು ನೋಡ್ತೀರಿ?" ಎಂದರು ಅಕ್ಕ. "ಬರೂದು ಹರಕಿ ಇತ್ತು. ಹೋಗೂದು ಟೂರು."

ನಾವಿಬ್ಬರೂ ಹತ್ತುವ ಮೊದಲೇ ಗಾಡಿ ತುಂಬಿತ್ತು. ಅದು ಹೊರಟಿತು. ತಿರುವಿನಲ್ಲಿ ಅಕ್ಕ ಹಿಂದೆ ನೋಡದೆಯೇ ಕೈ ಬೀಸಿದರು. ಶಮೀಮ್‌ಳೂ ನಾನೂ ನಡೆಯತೊಡಗಿದೆವು.